ಮೆಟ್ಟಿಲ ಮೇಲೆ ನಿಂತವರು

ಮೇ 1ರಂದು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬದ ಪೂಜೆಗೆ ಕುಳಿತಾಗಲೆಲ್ಲ ನನ್ನ ಮನಸ್ಸು ಒಂದು ಚಿತ್ರದತ್ತ ಹೊರಳುತ್ತದೆ. ಅಮೆರಿಕದ ಕಲಾವಿದ ರಾಬರ್ಟ್ ಕೋಹ್ಲರ್ 1886ರಲ್ಲಿ ತೈಲವರ್ಣದಲ್ಲಿ ರಚಿಸಿದ 'ಮುಷ್ಕರ' ಅದು. ಮೂಲಕೃತಿ ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ನಾನು ಕಂಡದ್ದು ಪುಸ್ತಕವೊಂದರಲ್ಲಿ ಅಚ್ಚಾದ ಪ್ರತಿಯನ್ನು ಮಾತ್ರ.

ಕಾರ್ಖಾನೆಯ ಕೆಲಸಗಾರರು ಗುಂಪುಗೂಡಿ ಧಣಿಯ ಬಾಗಿಲಿಗೆ ಬಂದಿದ್ದಾರೆ. ಎತ್ತರದ ಕಪ್ಪು ಟೋಪಿ ಧರಿಸಿದ ಧಣಿ ಮೆಟ್ಟಿಲ ಮೇಲೆ ನಿಂತಿದ್ದಾನೆ. ಕೆಳಗೊಬ್ಬ ಕೈ ಚಾಚಿ ವಾದಿಸುತ್ತಿದ್ದಾನೆ. ಹೆಂಗಸೊಬ್ಬಳು ಕೆಲಸಗಾರನೊಬ್ಬನನ್ನು ಸಮಾಧಾನಪಡಿಸುತ್ತಿದ್ದಾಳೆ. ಇನ್ನೊಬ್ಬ ಬಡ ತಾಯಿ ಮಕ್ಕಳೊಡನೆ ಮೌನವಾಗಿ ನೋಡುತ್ತಿದ್ದಾಳೆ. ಬಲಬದಿಯಲ್ಲಿ ಒಬ್ಬಾತ ಬಾಗಿ ಕಲ್ಲನ್ನೆತ್ತಿಕೊಳ್ಳುತ್ತಿದ್ದಾನೆ. ಕಲ್ಲು ಇನ್ನೂ ತೂರಿಲ್ಲ. ಮಾತಿಗೆ ಇನ್ನೂ ಅವಕಾಶವಿದೆ.

1877ರ ಅಮೆರಿಕದ ರೈಲ್ವೆ ಮುಷ್ಕರ ಈ ಚಿತ್ರಕ್ಕೆ ಪ್ರೇರಣೆ. ಎಂಟು ಗಂಟೆಯ ದುಡಿಮೆಗಾಗಿ ಅಲ್ಲಿನ ಕಾರ್ಮಿಕರು ಬೀದಿಗಿಳಿದ 1886ರ ಮೇ 1ರ ಸಂಚಿಕೆಯಲ್ಲೇ ವಾರಪತ್ರಿಕೆಯೊಂದು ಇದನ್ನು ಅಚ್ಚುಹಾಕಿತು. ಐದು ವರ್ಷಗಳ ನಂತರ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಂ ನೋವಾರುಂ' ವಿಶ್ವಪರಿಪತ್ರದಲ್ಲಿ ನ್ಯಾಯವಾದ ಕೂಲಿಯ ಮಾತೆತ್ತಿದರು. ಮೇ 1ರ ಈ ಹಬ್ಬವನ್ನು ಜಗದ್ಗುರು ಹನ್ನೆರಡನೆಯ ಪಿಯುಸ್ ಸ್ಥಾಪಿಸಿದ್ದು 1955ರಲ್ಲಿ. ಇವೆಲ್ಲ ಓದಿ ತಿಳಿದ ಸಂಗತಿಗಳು. ನಾನು ಹೇಳಬೇಕಾದದ್ದು ಬೇರೆ.

ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ನಾನು ರೈಟರಾಗಿದ್ದೆ. ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕದ ಮೇಲೆ ಕೂಲಿ. ಅಕಾಲ ಮಳೆಗೆ ಹಣ್ಣು ನೆಂದಿದೆಯೆಂದು ಚೀಲವೊಂದಕ್ಕೆ ಎರಡು ಕಿಲೋ ಕಳೆಯಲು ಅಪ್ಪಣೆಯಾಯಿತು. ಮಳೆ ನಿಂತು ನೆಲ ಒಣಗಿದ ಮೇಲೂ ಕಳೆಯುವುದು ನಿಲ್ಲಲಿಲ್ಲ. ಬಟವಾಡೆಯ ಸಂಜೆ ಲೈನ್ ಮನೆಗಳವರೆಲ್ಲ ಬಂಗಲೆಯ ಮುಂದೆ ನೆರೆದರು. ಯಾರ ಕೈಯಲ್ಲೂ ಕಲ್ಲಿರಲಿಲ್ಲ. ಹಿರಿಯ ಹೆಂಗಸೊಬ್ಬರು ಕರೆಗಟ್ಟಿದ ಬೆರಳುಗಳನ್ನು ಮುಂದೆ ಚಾಚಿ, "ರೈಟರೇ, ಹಣ್ಣು ನೆಂದಿತ್ತಾ? ತೂಕ ಹಾಕಿದವರು ನೀವು, ನೀವೇ ಹೇಳಿ" ಎಂದರು.

ಧಣಿಗಳು ನನ್ನತ್ತ ನೋಡಿದರು. ನನಗಾಗ ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಆ ಕೆಲಸವಲ್ಲದೆ ಬೇರೆ ದಾರಿಯಿಲ್ಲವೆಂಬ ಭಯ. ನಾನು ಪುಸ್ತಕದ ಹಾಳೆಗಳನ್ನು ತಿರುವುತ್ತ ನಿಂತೆ. ಸ್ವಲ್ಪ ಹೊತ್ತು ಕಾದು ಅವರೆಲ್ಲ ಹಿಂದಿರುಗಿದರು.

ಕೋಹ್ಲರನ ಚಿತ್ರವನ್ನು ಕಂಡದ್ದು ಇದಾಗಿ ಬಹಳ ವರ್ಷಗಳ ಮೇಲೆ. ಮೊದಲ ಸಲ ಧಣಿಯನ್ನೂ ಕಲ್ಲೆತ್ತುವವನನ್ನೂ ನೋಡಿ ಪುಟ ಮಗುಚಿದೆ. ಮತ್ತೊಮ್ಮೆ ತೆರೆದಾಗ, ಧಣಿಯ ಬೆನ್ನ ಹಿಂದೆ ಬೆದರಿದ ಮುಖದ ಒಬ್ಬ ನಿಂತಿರುವುದು ಕಾಣಿಸಿತು. ಅವನೂ ಮೆಟ್ಟಿಲ ಮೇಲೆಯೇ ಇದ್ದಾನೆ. ಅವನನ್ನು ಯಾರೂ ಏನನ್ನೂ ಕೇಳುತ್ತಿಲ್ಲ. ನನ್ನನ್ನು ಕೇಳಿದ್ದರು.