ನೀಹಾರಿಕೆಯ ಕೆಂಪು

ನೆಬುಲಾಗೆ ಕನ್ನಡದಲ್ಲಿ ನೀಹಾರಿಕೆ ಎಂಬ ಹೆಸರಿದೆ. ನೀಹಾರ ಎಂದರೆ ಮಂಜು. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಮಸುಕಾಗಿ ಕಾಣುವ ಚುಕ್ಕೆಯನ್ನು ನೋಡಿದವರಿಗೆ ಈ ಹೆಸರು ಎಷ್ಟು ಸರಿ ಅನ್ನಿಸುತ್ತದೆ. ಅಲ್ಲಿಂದ ಇಲ್ಲಿಗೆ ಬೆಳಕು ಬರಲು ಸುಮಾರು 1,300 ವರ್ಷ ಬೇಕು. ಅಂದರೆ ನನ್ನ ಕ್ಯಾಮೆರಾದೊಳಗೆ ಬೀಳುವುದು ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟ ಬೆಳಕು. ಶಾಸನಗಳ ಮೇಲೆ ಪಿಎಚ್.ಡಿ. ಮಾಡುವವನಿಗೆ ಮೋಹ ಹತ್ತಲು ಇಷ್ಟು ಸಾಕು.

ನನ್ನ ಬಳಿ ದೂರದರ್ಶಕವಿಲ್ಲ. ಹಳೇ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಟ್ರೈಪಾಡ್, ಇಷ್ಟೇ. ಭೂಮಿ ತಿರುಗುತ್ತಿರುವುದರಿಂದ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಹಾಗಾಗಿ ಐದೈದು ಸೆಕೆಂಡಿನ 400 ಚಿತ್ರ ತೆಗೆದು, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸುತ್ತೇನೆ. ಅಷ್ಟು ಪೇರಿಸಿದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತಿರುವ ನಾಯ್ಸ್ 20 ಪಟ್ಟು ತಗ್ಗುತ್ತದೆ. ಶಾಸನದ ಅಚ್ಚು ತೆಗೆಯುವುದೂ ಹೆಚ್ಚುಕಡಿಮೆ ಹೀಗೇ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟುತ್ತಾ ತಟ್ಟುತ್ತಾ ಹೋದರೆ ಕಣ್ಣಿಗೆ ಕಾಣದಿದ್ದ ಅಕ್ಷರ ಏಳುತ್ತದೆ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಮೊದಲ ಫೋಟೋ ತೆಗೆದಾಗ ಸುಮಾರು 50 ನಿಮಿಷ ಕಾಯಬೇಕಾಯಿತು. ಅವನೂ ಓದಿದ್ದು ವೈದ್ಯಕೀಯ.

ನಮ್ಮ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ಜನವರಿಯಲ್ಲಿ ಅಪ್ಪ ನೀರು ಕಟ್ಟಲು ಹೊರಟರೆ ಹಿಂದೆಯೇ ನಾನೂ ಹೋಗಿ ಬದುವಿನ ಮೇಲೆ ಟ್ರೈಪಾಡ್ ಊರುತ್ತೇನೆ. ಮರುದಿನ ಲ್ಯಾಪ್‌ಟಾಪಿನಲ್ಲಿ ಕೆಂಪು ಮೋಡ ನೋಡಿದ ಅಪ್ಪ, "ರಾತ್ರಿ ನಂಗೆ ಬೆಳ್ಳಗಿತ್ತಲ್ಲೋ. ನೀನೇನಾದ್ರೂ ಬಣ್ಣ ಬಳಿದ್ಯಾ?" ಅಂದ.

ಬಳಿದಿಲ್ಲ. ಅದು ಜಲಜನಕ ಸೂಸುವ ಬೆಳಕು, ತರಂಗಾಂತರ 656.3 ನ್ಯಾನೋಮೀಟರ್. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಇದನ್ನೆಲ್ಲ ಹೇಳಿದೆ. ಅಪ್ಪ ಬಿಡಲಿಲ್ಲ. "ಇರೋದನ್ನ ಎತ್ತಿ ತೋರ್ಸಿದ್ರೆ ಸರಿ. ಎಲ್ಲಿಗಂಟ ಎತ್ತದು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

ಆ ಪ್ರಶ್ನೆ ನನ್ನ ಜೊತೆ ಹಾಸ್ಟೆಲಿಗೂ ಬಂತು. ಈಗ ಎಐ ತಂತ್ರಾಂಶಗಳಿವೆ. ಒಂದು ಗುಂಡಿ ಒತ್ತಿದರೆ ಮಸುಕು ಮೋಡಕ್ಕೆ ಎಳೆ ಎಳೆಯಾದ ವಿವರ ಬರುತ್ತದೆ. ಚಂದವೇ. ಆದರೆ ಆ ಎಳೆಗಳಲ್ಲಿ ಎಷ್ಟು ಆಕಾಶದವು, ಎಷ್ಟು ಯಂತ್ರದ ಊಹೆ? ನಾನು ಆ ಗುಂಡಿ ಒತ್ತುವುದಿಲ್ಲ. ಶಾಸನ ಓದುವವರಲ್ಲಿ ಸವೆದ ಅಕ್ಷರದ ಜಾಗಕ್ಕೆ ಚುಕ್ಕೆ ಇಡುವ ಶಿಸ್ತಿದೆ. ಆಕಾಶದ ಫೋಟೋಗೂ ಅಂಥದ್ದೊಂದು ಬೇಕು ಅನ್ನಿಸುತ್ತದೆ.

ಹೇಳುವುದು ಸುಲಭ. ನನ್ನ ಪ್ರಬಂಧದ ಮೂರನೇ ಅಧ್ಯಾಯ ನಿಂತಿರುವುದೇ ಒಂದು ಸವೆದ ಅಕ್ಷರದ ಮೇಲೆ. ಅದನ್ನು ನನಗೆ ಬೇಕಾದಂತೆ ಓದಿಕೊಂಡರೆ ಇದೇ ವರ್ಷ ಪ್ರಬಂಧ ಸಲ್ಲಿಸಬಹುದು, ಫೆಲೋಶಿಪ್ ನಿಲ್ಲುವ ಮೊದಲೇ. ಸದ್ಯಕ್ಕೆ ಅಲ್ಲಿ ಚುಕ್ಕೆ ಇಟ್ಟಿದ್ದೇನೆ. ಮುಂದಿನ ವಾರ ಮತ್ತೆ ಆ ಊರಿಗೆ ಹೋಗಿ, ಸಂಜೆಯ ಓರೆ ಬಿಸಿಲು ಕಲ್ಲಿನ ಮೇಲೆ ಬೀಳುವಾಗ ಇನ್ನಷ್ಟು ಚಿತ್ರ ತೆಗೆಯಬೇಕು.