ಅರವತ್ತನಾಲ್ಕು ಎಣಿಕೆಯ ಕುಣಿತ

ಹತ್ತು ಮಂದಿ ಓಡಾಡುವಲ್ಲಿ ಹುಲ್ಲು ಬೆಳೆಯದೆಂಬುದು ಹಿರಿಯರ ಮಾತು. ಕವಿತೆಯ ಮಟ್ಟಿಗೆ ಅದು ದಿಟವಿದ್ದೀತು. ಹತ್ತು ಮಂದಿ ಕವಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಹೊರಬರುವುದು ಹತ್ತು ಕವಿತೆಗಳೇ ಹೊರತು ಒಂದಲ್ಲ. ಆದರೆ ಹತ್ತು ಮಂದಿ ತುಳಿದಾಡಿದಲ್ಲಿಯೇ ಬೆಳೆಯಬೇಕಾದ ಬೆಳೆಯೂ ಒಂದುಂಟು. ಅದು ಕುಣಿತ.

ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ‘ಕಾಂಟ್ರಾ’ ಎಂಬ ಸಾಮೂಹಿಕ ನೃತ್ಯ ತಲೆಮಾರುಗಳಿಂದ ನಡೆದುಬಂದಿದೆ. ಅದರ ಬೇರು ಇಂಗ್ಲೆಂಡಿನ ಹಳೆಯ ಕುಣಿತಗಳಲ್ಲಿದೆ. ಅಂಥವುಗಳ ಪುಸ್ತಕವೊಂದನ್ನು ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್ ೧೬೫೧ರಲ್ಲಿಯೇ ಹೊರತಂದಿದ್ದನು. ಕಡಲು ದಾಟಿ ಬಂದ ಆ ಕುಣಿತ ಊರೂರ ಸಭಾಭವನಗಳಲ್ಲಿ ನೆಲೆಗೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮಾಸಿಹೋಗದಂತೆ ಕಾಪಾಡಿದವರಲ್ಲಿ ನ್ಯೂ ಹ್ಯಾಂಪ್‌ಷೈರಿನ ರಾಲ್ಫ್ ಪೇಜ್ (೧೯೦೩–೧೯೮೫) ಪ್ರಮುಖರು.

ಕೋಲಾಟವನ್ನು ಕಂಡ ವಾಚಕರಿಗೆ ಇದರ ಸ್ವರೂಪ ತೀರ ಅಪರಿಚಿತವೆನಿಸದು. ಎರಡು ಉದ್ದನೆಯ ಸಾಲುಗಳು ಎದುರುಬದುರು ನಿಲ್ಲುತ್ತವೆ. ಪಿಟೀಲು, ಪಿಯಾನೊಗಳ ಮೇಳ ಹೊರಡುತ್ತದೆ. ಎರಡೆರಡು ಜೋಡಿಗಳು ಕೂಡಿ ನಾಲ್ವರ ಗುಂಪಾಗಿ ಕುಣಿಯುತ್ತಾರೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಪ್ರತಿ ಜೋಡಿಯೂ ಸಾಲಿನಲ್ಲಿ ಸರಿದು ಹೊಸದೊಂದು ಜೋಡಿಯನ್ನು ಸಂಧಿಸುತ್ತದೆ. ಸುತ್ತಿಗೆ ೬೪ ಎಣಿಕೆ. ೧೬ ಎಣಿಕೆಯ ನಾಲ್ಕು ಭಾಗ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮುಂದೇನು ಮಾಡಬೇಕೆಂಬುದನ್ನು ಕ್ಷಣ ಮೊದಲೇ ಕೂಗಿ ತಿಳಿಸುವವರೊಬ್ಬರು ವೇದಿಕೆಯ ಮೇಲಿರುತ್ತಾರೆ. ಕನ್ನಡದಲ್ಲಿ ಅವರನ್ನು ಕರೆಗಾರರೆನ್ನಬಹುದು.

ಈ ಕರೆಗಾರರೇ ಹೊಸ ಕುಣಿತಗಳನ್ನೂ ಕಟ್ಟುತ್ತಾರೆ. ಸಾಮಾನ್ಯವಾಗಿ ಅದು ಒಬ್ಬೊಬ್ಬರ ಏಕಾಂತದ ಕೆಲಸ. ಸಣ್ಣ ಕಾರ್ಡಿನ ಮೇಲೆ ಚಲನೆಗಳನ್ನು ಬರೆದು ಕೆಳಗೆ ಕರ್ತೃವಿನ ಹೆಸರನ್ನು ಕಾಣಿಸುತ್ತಾರೆ. ಕೆಲವೊಮ್ಮೆ ಮಾತ್ರ ನಾಲ್ಕಾರು ಮಂದಿ ಕರೆಗಾರರು ಒಂದೇ ಮೇಜಿನ ಸುತ್ತ ಕೂಡುತ್ತಾರೆ. ಸ್ವಾರಸ್ಯವಿರುವುದು ಅಲ್ಲಿಯೇ.

ಮೇಜಿನ ಮೇಲೆ ನಾಲ್ಕು ನಾಣ್ಯಗಳನ್ನಿಟ್ಟರೆ ಎರಡು ಜೋಡಿಗಳಾದವು. ಒಬ್ಬರು ‘ಹೇ’ ಎಂಬ ಚಲನೆಯನ್ನು ಸೂಚಿಸುತ್ತಾರೆ. ಜಡೆಕೋಲಾಟದ ಹಗ್ಗಗಳಂತೆ ನಾಲ್ವರೂ ಒಬ್ಬರನ್ನೊಬ್ಬರು ದಾಟುತ್ತ ಹೆಣೆದುಕೊಳ್ಳುವ ಚಲನೆ ಅದು. ನೋಡಲು ಬಲು ಸೊಗಸು. ಆದರೆ ಅದು ೧೬ ಎಣಿಕೆಯನ್ನು, ಎಂದರೆ ಇಡೀ ಕುಣಿತದ ಕಾಲುಭಾಗವನ್ನು, ನುಂಗಿಬಿಡುತ್ತದೆ. ಜೊತೆಗಾರರು ಕೈಸೇರಿಸಿ ಗಿರಕಿ ಹೊಡೆಯುವುದಕ್ಕೆ ಎಣಿಕೆ ಸಾಲದಲ್ಲ ಎಂದು ಮತ್ತೊಬ್ಬರು ಆಕ್ಷೇಪಿಸುತ್ತಾರೆ. ಹಾಗಾದರೆ ಅರ್ಧ ಹೆಣಿಗೆ ಸಾಕು, ೮ ಎಣಿಕೆ ಉಳಿಯಿತು ಎನ್ನುತ್ತಾರೆ ಮೂರನೆಯವರು. ಉಳಿಯಿತೇನೋ ನಿಜ, ಆದರೆ ಪೂರ್ಣ ಹೆಣಿಗೆ ಎಲ್ಲರನ್ನೂ ಹೊರಟ ಸ್ಥಳಕ್ಕೇ ಮರಳಿಸುತ್ತದೆ, ಅರ್ಧ ಹೆಣಿಗೆ ಎದುರು ಬದಿಯಲ್ಲಿ ಬಿಟ್ಟುಬಿಡುತ್ತದೆ. ಎಂಟು ಎಣಿಕೆಯನ್ನು ಕಡಿದ ತಪ್ಪಿಗೆ ಮುಂದಿನದೆಲ್ಲವನ್ನೂ ಹೊಸದಾಗಿ ಕಟ್ಟಬೇಕು. ನಾಣ್ಯಗಳು ಮತ್ತೆ ಮೊದಲಿನ ಜಾಗಕ್ಕೆ ಬರುತ್ತವೆ.

ನಾಣ್ಯಗಳಿಗೆ ತೋಳುಗಳಿಲ್ಲವೆಂಬುದು ಮತ್ತೊಂದು ತೊಡಕು. ಮೇಜಿನ ಮೇಲೆ ಸರಾಗವಾಗಿ ಸರಿದ ಚಲನೆಯನ್ನು ಎದ್ದು ನಿಂತು ನಡೆದು ನೋಡಿದಾಗಲೇ ಅದರ ಗುಣದೋಷ ತಿಳಿಯುವುದು. ಎಡಗೈ ಹಿಡಿದು ಸುತ್ತಿಬಂದವರಿಗೆ ಮುಂದೆ ಬಲಗೈ ಚಾಚುವುದು ಹಿತ. ಅದೇ ಎಡಗೈಯನ್ನು ಮತ್ತೊಬ್ಬರಿಗೆ ನೀಡಬೇಕಾಗಿ ಬಂದರೆ ಮೈ ತಡವರಿಸುತ್ತದೆ. ಮೈಯ ತೀರ್ಪಿಗೆ ಮೇಲ್ಮನವಿಯಿಲ್ಲ. ಅಂಥ ಗಳಿಗೆಯಲ್ಲಿ ಯಾರೋ ಒಬ್ಬರು ತಾವು ಬಹುದಿನಗಳಿಂದ ಮನಸ್ಸಿನಲ್ಲಿ ಸಾಕಿಕೊಂಡಿದ್ದ ಚಲನೆಯನ್ನು ಕೈಬಿಡಬೇಕಾಗುತ್ತದೆ. ಬಿಡುವವರ ಮುಖ ಸ್ವಲ್ಪ ಬಾಡುವುದೂ ಉಂಟು. ಸಹಜವೇ, ತನ್ನ ಕಲ್ಪನೆಯ ಕೂಸನ್ನು ಹತ್ತು ಜನರೆದುರು ತೊರೆಯುವುದು ಯಾರಿಗೆ ತಾನೆ ಸುಲಭ?

ಆದರೂ ಬಿಡಲೇಬೇಕಾದ ಕಾರಣವೊಂದಿದೆ. ಕಾಂಟ್ರಾ ಕುಣಿತದ ಸಭೆಗೆ ಯಾರು ಬೇಕಾದರೂ ಬರಬಹುದು; ಮೊದಲೇ ಕಲಿತಿರಬೇಕೆಂಬ ಕಟ್ಟಳೆಯಿಲ್ಲ. ಅಂದೇ ಮೊದಲ ಬಾರಿಗೆ ಅಳುಕುತ್ತ ಬಂದು ನಿಂತ ತರುಣಿಯೂ ಆ ಸಾಲಿನಲ್ಲಿರುತ್ತಾಳೆ, ಮೊಣಕಾಲು ನೋವಿನ ವೃದ್ಧರೂ ಇರುತ್ತಾರೆ. ಕರೆಗಾರರ ಜಾಣ್ಮೆ ಅತಿಯಾದೆಡೆ ಅವಳು ಚಾಚಿದ ಕೈಗೆ ಮತ್ತೊಂದು ಕೈ ದೊರೆಯದೆ ಹೋಗುತ್ತದೆ. ಬರಿಗೈ ಚಾಚಿ ನಡುಸಾಲಿನಲ್ಲಿ ನಿಂತ ಆ ಎರಡು ಕ್ಷಣಗಳ ಅವಮಾನ ಅವಳನ್ನು ಮತ್ತೆಂದೂ ಅತ್ತ ಸುಳಿಯದಂತೆ ಮಾಡೀತು. ಒಬ್ಬರೇ ಕುಳಿತು ಕಟ್ಟುವವರಿಗೆ ಅವಳು ಮರೆತುಹೋಗಬಹುದು. ಆರು ಮಂದಿ ಕುಳಿತೆಡೆ ಅವಳನ್ನು ನೆನೆಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಸಾಮೂಹಿಕ ರಚನೆಯ ನಿಜವಾದ ಲಾಭ ಇದೇ. ಹೊಸ ಹೊಳಹು ಒಬ್ಬರಿಗೂ ಹೊಳೆದೀತು; ಪರರ ಕಷ್ಟ ಹೊಳೆಯಲು ಹಲವರು ಬೇಕು.

ಹೀಗೆ ಹುಟ್ಟಿದ ಕುಣಿತ ಯಾರದು? ಕಾರ್ಡಿನ ಮೇಲೆ ಎಲ್ಲರ ಹೆಸರನ್ನೂ ಬರೆದಾರು, ಬರೆಯುವುದು ನ್ಯಾಯವೂ ಹೌದು. ಆದರೆ ಆ ಚಲನೆಗಳಲ್ಲಿ ಬಹುಪಾಲು ಯಾರೊಬ್ಬರ ಸೊತ್ತೂ ಅಲ್ಲ. ‘ಪೆಟ್ರೊನೆಲ್ಲಾ’ ಎಂಬ ಹಳೆಯ ಕುಣಿತದ ತಿರುವೊಂದು ಇಂದು ಎಷ್ಟೋ ಹೊಸ ಕುಣಿತಗಳಲ್ಲಿ ಸೇರಿಕೊಂಡಿದೆ; ಅಜ್ಜಿಯ ಹಳೆಯ ಸೀರೆಯ ಸೆರಗು ಮೊಮ್ಮಗಳ ಲಂಗದ ಅಂಚಾದಂತೆ.

ಕುಣಿತ ಹತ್ತಾರು ಸುತ್ತು ನಡೆದು ಸಾಲಿನ ಕಾಲುಗಳಿಗೆಲ್ಲ ದಾರಿ ತಿಳಿದಾಗ ಕರೆಗಾರರು ಮೆಲ್ಲನೆ ಕೂಗುವುದನ್ನು ನಿಲ್ಲಿಸುತ್ತಾರೆ. ಪಿಟೀಲು ಮಾತ್ರ ಉಳಿಯುತ್ತದೆ. ಆಗ ಗೋಡೆಯ ಬಳಿ ನಿಂತ ಆರು ಮಂದಿಯಲ್ಲಿ ಯಾರೂ ತಮ್ಮ ಎಂಟು ಎಣಿಕೆ ಎಲ್ಲಿದೆಯೆಂದು ಹುಡುಕುವುದಿಲ್ಲ. ಅವರ ಕಣ್ಣೆಲ್ಲ ಆ ಹೊಸಬಳ ಮೇಲೆ. ಅವಳು ನೋಡದೆಯೇ ಕೈ ಚಾಚುತ್ತಾಳೆ. ಅಲ್ಲೊಂದು ಕೈ ಸಿದ್ಧವಾಗಿರುತ್ತದೆ.