ಒಂದೇ ಒಂದು ತುಂಡು

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಮೀನಿಲ್ಲದ ಊಟ ಊಟವೇ ಅಲ್ಲ. ಅದರಲ್ಲೂ ಸಿಗಡಿ ಸಿಕ್ಕಿದ ದಿನ ಮನೆಯಲ್ಲಿ ಸಡಗರ. ಹಾಗಾಗಿ ಒಂಬತ್ತು ವರ್ಷದ ಮಗಳು ಒಂದು ಮಧ್ಯಾಹ್ನ ಸಿಗಡಿ ಸುಕ್ಕ ತಿಂದು, ಕೈ ತೊಳೆಯುವ ಮೊದಲೇ ಅಂಗೈ ತುರಿಸಿಕೊಳ್ಳತೊಡಗಿದಾಗ ನಮಗೆ ಸಿಗಡಿಯ ಮೇಲೆ ಸಂಶಯವೇ ಬರಲಿಲ್ಲ. ಮೈಮೇಲೆ ಕೆಂಪು ದದ್ದುಗಳೆದ್ದವು. ಅಜ್ಜಿ "ಪಿತ್ತದ ಗಂಧೆ" ಎಂದರು. ಇನ್ನೊಬ್ಬರು "ಉಷ್ಣ" ಎಂದರು. ಪಕ್ಕದ ಮನೆಯವರು "ಯಾರದೋ ಕಣ್ಣು ಬಿದ್ದಿದೆ" ಎಂದರು. ಸಂಜೆಯೊಳಗೆ ಎಲ್ಲ ಇಳಿಯಿತು. ನಾವೂ ಮರೆತೆವು.

ತಿಂಗಳ ಬಳಿಕ ಮತ್ತೆ ಹಾಗೆಯೇ ಆಯಿತು. ಈ ಬಾರಿ ತುಟಿಯೂ ಊದಿತು. ವೈದ್ಯರು ಮೊದಲು ಕೇಳಿದ್ದು, ಏನು ತಿಂದಿದ್ದಳು, ತಿಂದು ಎಷ್ಟು ಹೊತ್ತಾಗಿತ್ತು ಎಂದು. ಎರಡು ಸಲವೂ ಸಿಗಡಿಯೇ! "ಇನ್ನು ಅದನ್ನು ಮುಟ್ಟಿಸಬೇಡಿ" ಎಂದರು. "ಮೊನ್ನೆ ಮೊನ್ನೆಯವರೆಗೂ ತಿನ್ನುತ್ತಿದ್ದಳಲ್ಲ ಡಾಕ್ಟ್ರೇ?" ಎಂದೆವು. ಅವರ ಉತ್ತರ ನಮ್ಮ ಕಣ್ಣು ತೆರೆಸಿತು.

ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ನಿರುಪದ್ರವಿ ವಸ್ತುವೊಂದನ್ನು ಶತ್ರುವೆಂದು ತಪ್ಪಾಗಿ ಭಾವಿಸುವುದೇ ಅಲರ್ಜಿ. 1906ರಲ್ಲಿ ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ ಈ ಪದವನ್ನು ಬಳಕೆಗೆ ತಂದರು. ಮೊದಮೊದಲು ತಿಂದಾಗ ಹೊರಗೆ ಏನೂ ಕಾಣಿಸುವುದಿಲ್ಲ. ಆದರೆ ಒಳಗೊಳಗೇ ದೇಹವು ಐಜಿಇ ಎಂಬ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತಿರುತ್ತದೆ. ಮುಂದೊಂದು ದಿನ ಅದೇ ವಸ್ತು ಒಳಹೊಕ್ಕಾಗ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಚರ್ಮದಲ್ಲಾದರೆ ದದ್ದು, ಮೂಗಿನಲ್ಲಾದರೆ ಸೀನು, ಹೊಟ್ಟೆಯಲ್ಲಾದರೆ ವಾಂತಿ, ಶ್ವಾಸನಾಳದಲ್ಲಾದರೆ ಉಬ್ಬಸ.

ಸಿಗಡಿಯಲ್ಲಿ ತೊಂದರೆ ಕೊಡುವ ಮುಖ್ಯ ಪ್ರೋಟೀನಿನ ಹೆಸರು ಟ್ರೋಪೋಮಯೋಸಿನ್. ಕುದಿಸಿದರೂ ಹುರಿದರೂ ಅದು ಸುಲಭವಾಗಿ ನಾಶವಾಗದು. ಅದನ್ನೇ ಹೋಲುವ ಪ್ರೋಟೀನ್ ಜಿರಲೆಯಲ್ಲಿದೆ, ಹಾಸಿಗೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳಗಳಲ್ಲೂ ಇದೆ. ಮಗಳು ಬೆಳಿಗ್ಗೆ ಎದ್ದ ಕೂಡಲೇ ಸೀನುತ್ತಿದ್ದುದನ್ನು ನಾವು ಶೀತವೆಂದೇ ತಿಳಿದಿದ್ದೆವು. ಜ್ವರವಿಲ್ಲದೆ, ಮೂಗಿನಿಂದ ತೆಳುವಾಗಿ ನೀರಿಳಿಯುತ್ತಾ, ಕಣ್ಣು ತುರಿಸುತ್ತಾ ವಾರಗಟ್ಟಲೆ ಹೀಗೇ ಇದ್ದರೆ ಅದು ಅಲರ್ಜಿಯಾಗಿರಬಹುದು. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕತೊಡಗಿದ ಮೇಲೆ ಅವಳ ಸೀನು ಎಷ್ಟೋ ಕಡಿಮೆಯಾಯಿತು.

ಇಷ್ಟೆಲ್ಲ ತಿಳಿದುಕೊಂಡ ನಾವು, ಅದನ್ನು ನೆಂಟರಿಗೆ ತಿಳಿಸುವಲ್ಲಿ ಸೋತೆವು. ಮದುವೆಯೊಂದರಲ್ಲಿ ಮಗಳು ಬೇಡವೆಂದರೂ ಚಿಕ್ಕಮ್ಮ, "ಒಂದೇ ಒಂದು ತುಂಡು ತಿಂದ್ರೆ ಏನಾಗ್ತದೆ ಮಗಾ?" ಎಂದು ಪ್ರೀತಿಯಿಂದಲೇ ಬಡಿಸಿದರು. ಮಗಳು ನಮ್ಮ ಮುಖ ನೋಡಿದಳು. ಬಡಿಸಿದವರ ಮನಸ್ಸು ನೋಯಬಾರದೆಂದು ನಾವು ಸುಮ್ಮನಿದ್ದೆವು. ಆ ಮೌನವೇ ನಮ್ಮ ತಪ್ಪು.

ಹತ್ತು ನಿಮಿಷವೂ ಆಗಿರಲಿಲ್ಲ. ದದ್ದು, ವಾಂತಿ; ಬಳಿಕ ದನಿ ಒಡೆಯಿತು, ಉಸಿರಾಡುವಾಗ ಸಿಳ್ಳೆಯಂಥ ಸದ್ದು. ಆಸ್ಪತ್ರೆಯಲ್ಲಿ ಕೂಡಲೇ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು. ಉಸಿರು ಮರಳಿತು. ಕೆಲವು ಗಂಟೆಗಳ ಬಳಿಕ ಮತ್ತೆ ಮರುಕಳಿಸಬಹುದೆಂದು ರಾತ್ರಿಯಿಡೀ ಅಲ್ಲೇ ಉಳಿಸಿಕೊಂಡರು. ಇದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಉಸಿರು ಕಟ್ಟುವಾಗ, ತಲೆ ಸುತ್ತಿ ಬೀಳುವಾಗ ತುರಿಕೆಯ ಮಾತ್ರೆ ನುಂಗಿಸಿ ಕಾಯುತ್ತಾ ಕೂರುವಂತಿಲ್ಲ. ಪ್ರತಿ ನಿಮಿಷವೂ ಅಮೂಲ್ಯ.

ಈಗ ನಾವು ಯಾರ ಮನೆಗೆ ಹೋದರೂ ಊಟಕ್ಕೆ ಕೂರುವ ಮೊದಲೇ ವಿಷಯ ಹೇಳಿಬಿಡುತ್ತೇವೆ. ಸಿಗಡಿ ಕರಿದ ಎಣ್ಣೆಯಲ್ಲೇ ಮೀನು ಕರಿದಿದ್ದಾರೆಯೇ ಎಂದೂ ಕೇಳುತ್ತೇವೆ. ಮೊದಮೊದಲು ಸಂಕೋಚವಾಗುತ್ತಿತ್ತು. ಆದರೆ ಬೇಡವೆಂದವರನ್ನು ಒತ್ತಾಯಿಸದಿರುವುದೂ ಆತಿಥ್ಯವೇ ಅಲ್ಲವೇ? ಅಂದು ಬಡಿಸಿದ ಚಿಕ್ಕಮ್ಮನೇ ಈಗ ನಾವು ಹೋಗುವ ದಿನ ಮಗಳಿಗೆಂದು ಬೇರೆ ಕಾವಲಿ ಇಡುತ್ತಾರೆ.